ಗಣನಾತ್ಮಕ ನರವಿಜ್ಞಾನದಲ್ಲಿ ಸಂಶೋಧಕರಾಗುವುದು ಹೇಗೆ: ಪಿಯುಸಿಯಿಂದ ಪ್ರಾಧ್ಯಾಪಕ ಹುದ್ದೆಯವರೆಗೆ

ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಎಂಬ ಇಬ್ಬರು ಕೇಂಬ್ರಿಡ್ಜ್ ವಿಜ್ಞಾನಿಗಳು, ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ವಿದ್ಯುತ್ ಸಂಕೇತ ಹೇಗೆ ಹುಟ್ಟಿ ಹೇಗೆ ಸಾಗುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಬರೆದು 1952ರಲ್ಲಿ ಪ್ರಕಟಿಸಿದರು. ವಿಶ್ವವಿದ್ಯಾಲಯದ ಕಂಪ್ಯೂಟರ್ ಮಾರ್ಪಾಡಿಗೆಂದು ನಿಂತುಹೋಗಿದ್ದರಿಂದ ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕಯಂತ್ರದ ಮುಂದೆ ವಾರಗಟ್ಟಲೆ ಕುಳಿತು ಆ ಸಮೀಕರಣಗಳನ್ನು ಬಿಡಿಸಿದರು. ಸಂಕೇತದ ವೇಗ ಲೆಕ್ಕದಲ್ಲಿ ಸೆಕೆಂಡಿಗೆ 18.8 ಮೀಟರ್ ಎಂದು ಬಂತು. ನಿಜವಾದ ನರತಂತುವಿನಲ್ಲಿ ಅಳೆದಾಗ 21.2 ಮೀಟರ್ ಇತ್ತು. ಆ ವೇಗವನ್ನು ನೋಡಿಕೊಂಡು ಸಮೀಕರಣಗಳನ್ನು ಹೊಂದಿಸಿರಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಲೆಕ್ಕ 180 ಎಂದು ಬಂದಿದ್ದರೆ ಸಿದ್ಧಾಂತ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಇಬ್ಬರಿಗೂ 1963ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಗಣನಾತ್ಮಕ ನರವಿಜ್ಞಾನ ಎಂದರೆ ಇದೇ ಕೆಲಸ: ನರಕೋಶಗಳು, ಅವುಗಳ ಜಾಲಗಳು ಮತ್ತು ಅವುಗಳಿಂದ ಹೊಮ್ಮುವ ನಡವಳಿಕೆಯನ್ನು ಗಣಿತದ ಭಾಷೆಯಲ್ಲಿ ಹೇಳುವುದು, ಹೇಳಿದ್ದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು ಮತ್ತು ಪ್ರಯೋಗದ ಅಳತೆಯ ಎದುರು ನಿಲ್ಲಿಸುವುದು. ಮೆದುಳಿನ ಬಗ್ಗೆ ಮಾದರಿ ಕಟ್ಟುವವರಿಗೆ ಈಗ ಕೊರತೆಯಿಲ್ಲ. ತಮ್ಮ ಮಾದರಿ ತಪ್ಪಾಗಿದ್ದರೆ ಯಾವ ಪ್ರಯೋಗದಲ್ಲಿ ಅದು ಬಯಲಾಗುತ್ತದೆ ಎಂದು ಹೇಳಬಲ್ಲವರು ಮಾತ್ರ ವಿರಳ. ಈ ಮಾರ್ಗದರ್ಶಿಯ ಪ್ರತಿ ಹಂತವನ್ನೂ, ನೀವು ಆ ವಿರಳ ಗುಂಪಿಗೆ ಸೇರಬೇಕು ಎಂಬ ದೃಷ್ಟಿಯಿಂದಲೇ ಬರೆದಿದ್ದೇನೆ. ಕರ್ನಾಟಕದ ವಿದ್ಯಾರ್ಥಿಗಳಿಗೆ ಒಂದು ಅನುಕೂಲವೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆ, ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಅಂದರೆ ಎನ್‌ಸಿಬಿಎಸ್, ಮತ್ತು ನಿಮ್ಹಾನ್ಸ್ ಈ ಮೂರೂ ಬೆಂಗಳೂರಿನಲ್ಲೇ ಇವೆ. ಸಿದ್ಧಾಂತ, ಪ್ರಾಣಿಗಳ ಮೇಲಿನ ಪ್ರಯೋಗ ಮತ್ತು ರೋಗಿಗಳ ಚಿಕಿತ್ಸೆ ಹೀಗೆ ಒಂದೇ ಊರಿನಲ್ಲಿ ಸಿಗುವ ಜಾಗಗಳು ದೇಶದಲ್ಲಿ ಹೆಚ್ಚಿಲ್ಲ.

ಮೊದಲ ಹಂತ: ಪಿಯುಸಿ ಮತ್ತು ಪದವಿ

ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡವರಿಗೆ ಗಣಿತ, ಜೀವಶಾಸ್ತ್ರ ಎರಡರ ಬಾಗಿಲೂ ತೆರೆದಿರುತ್ತವೆ. ಪಿಸಿಎಂಸಿ ತೆಗೆದುಕೊಂಡವರು ಕಂಗೆಡಬೇಕಿಲ್ಲ, ಏಕೆಂದರೆ ನರಕೋಶದ ಜೀವಶಾಸ್ತ್ರವನ್ನು ಮುಂದೆ ಓದಿಕೊಳ್ಳಬಹುದು. ಗಣಿತವನ್ನು ಕೈಬಿಟ್ಟವರಿಗೆ ಮಾತ್ರ ದಾರಿ ಕಡಿದಾಗುತ್ತದೆ. ಇಪ್ಪತ್ತೈದರ ಹರೆಯದಲ್ಲಿ ಅವಕಲ ಸಮೀಕರಣಗಳನ್ನು ಅ ಆ ಇ ಈ ಇಂದ ಕಲಿತು ಗೆದ್ದವರೂ ಇದ್ದಾರೆ, ಆದರೆ ಅವರು ಪಟ್ಟ ಪಾಡನ್ನು ಅವರನ್ನೇ ಕೇಳಬೇಕು.

ಪದವಿಯಲ್ಲಿ ಯಾವ ವಿಭಾಗ ಎಂಬುದಕ್ಕಿಂತ ಅಲ್ಲಿ ಏನನ್ನು ಗಟ್ಟಿಮಾಡಿಕೊಂಡಿರಿ ಎಂಬುದು ಮುಖ್ಯ. ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ವಿಜ್ಞಾನ, ಜೀವಶಾಸ್ತ್ರ ಎಲ್ಲ ಕಡೆಯಿಂದಲೂ ಜನ ಈ ಕ್ಷೇತ್ರಕ್ಕೆ ಬಂದಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷಗಳ ಬಿ.ಎಸ್. ಸಂಶೋಧನಾ ಪದವಿ ಅಥವಾ ಐಸರ್ ಸಂಸ್ಥೆಗಳ ಐದು ವರ್ಷಗಳ ಪದವಿ ಸಿಕ್ಕರೆ ಗಣಿತ ಮತ್ತು ಜೀವಶಾಸ್ತ್ರ ಒಂದೇ ಸೂರಿನಡಿ ದೊರೆಯುತ್ತವೆ. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಬಿ.ಎಸ್ಸಿ. ಅಥವಾ ಬಿ.ಇ. ಓದುತ್ತಿರುವವರು ಅದೇ ಸಿದ್ಧತೆಯನ್ನು ತಾವೇ ಕಟ್ಟಿಕೊಳ್ಳಬೇಕಾಗುತ್ತದೆ. ಅದಕ್ಕೆ ಬೇಕಾಗುವುದು ನಾಲ್ಕು ವಿಷಯ: ರೇಖೀಯ ಬೀಜಗಣಿತ, ಅವಕಲ ಸಮೀಕರಣಗಳು, ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ, ಹಾಗೂ ಒಂದು ಪ್ರೋಗ್ರಾಮಿಂಗ್ ಭಾಷೆ. ಭಾಷೆ ಯಾವುದೆಂದು ಚರ್ಚಿಸುತ್ತ ಕಾಲ ಕಳೆಯಬೇಡಿ, ಪೈಥಾನ್ ಕಲಿಯಿರಿ. ಮಾತೃಕೆಯ ಐಗೆನ್ ಮೌಲ್ಯ ಎಂದರೆ ಪರೀಕ್ಷೆಯಲ್ಲಿ ಬಿಡಿಸುವ ಲೆಕ್ಕ ಎಂದಷ್ಟೇ ಗೊತ್ತಿದ್ದರೆ ಸಾಲದು. ಒಂದು ನರಜಾಲದಲ್ಲಿ ಎಬ್ಬಿಸಿದ ಚಟುವಟಿಕೆ ತಾನಾಗಿ ಅಡಗುತ್ತದೆಯೋ ಅಥವಾ ಹಿಡಿತ ತಪ್ಪಿ ಏರುತ್ತದೆಯೋ ಎಂಬುದನ್ನು ಅದೇ ಮೌಲ್ಯ ಹೇಳುತ್ತದೆ ಎಂದು ಒಮ್ಮೆ ಕಂಡವರಿಗೆ ಆ ಪಾಠ ಮತ್ತೆ ಮರೆಯುವುದಿಲ್ಲ.

ಎರಡನೆಯ ಹಂತ: ಒಂದು ನರಕೋಶವನ್ನು ಸ್ವತಃ ಕಟ್ಟುವುದು

ಪುಸ್ತಕ ಪೂರ್ತಿ ಓದಿದ ಮೇಲೆ ಕಟ್ಟುತ್ತೇನೆ ಎಂದು ಕಾಯಬೇಡಿ. ಈ ವಾರವೇ ಒಂದು ನರಕೋಶ ಕಟ್ಟಿ. ಇದರ ಮೂಲ ವಿಚಾರವನ್ನು ಫ್ರಾನ್ಸಿನ ಲೂಯಿ ಲಾಪಿಕ್ 1907ರಲ್ಲೇ ಮುಂದಿಟ್ಟಿದ್ದರು. ನರಕೋಶದ ಪೊರೆಯನ್ನು ತಳದಲ್ಲಿ ಸಣ್ಣ ತೂತಿರುವ ಕೊಡ ಎಂದುಕೊಳ್ಳಿ. ಒಳಕ್ಕೆ ಹರಿಯುವ ವಿದ್ಯುತ್ ಪ್ರವಾಹ ಕೊಡವನ್ನು ತುಂಬಿಸುತ್ತದೆ, ತೂತಿನಿಂದ ಅದು ಸೋರುತ್ತಲೂ ಇರುತ್ತದೆ. ಮಟ್ಟ ಒಂದು ಗೆರೆಯನ್ನು ಮುಟ್ಟಿದೊಡನೆ ನರಕೋಶ ಸಿಡಿದು, ಅಂದರೆ ಒಂದು ಸ್ಪೈಕ್ ಕೊಟ್ಟು, ಕೊಡ ಮತ್ತೆ ಬರಿದಾಗುತ್ತದೆ.

ಈಗ ಅಂಕಿಗಳನ್ನು ಇಡೋಣ. ಪೊರೆಯ ರೋಧ 100 ಮೆಗಾಓಮ್, ಧಾರಕತೆ 200 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ ಎರಡರ ಗುಣಲಬ್ಧವಾದ ಕಾಲ ಸ್ಥಿರಾಂಕ 20 ಮಿಲಿಸೆಕೆಂಡ್ ಆಗುತ್ತದೆ. ವಿಶ್ರಾಂತ ವಿಭವ ಮೈನಸ್ 70 ಮಿಲಿವೋಲ್ಟ್, ಸಿಡಿಯುವ ಗೆರೆ ಮೈನಸ್ 50, ಸಿಡಿದ ಮೇಲೆ ಮತ್ತೆ ಮೈನಸ್ 70. ಮೆಗಾಓಮನ್ನು ನ್ಯಾನೋಆಂಪಿಯರಿನಿಂದ ಗುಣಿಸಿದರೆ ನೇರವಾಗಿ ಮಿಲಿವೋಲ್ಟ್ ಬರುತ್ತದೆ, ಹಾಗಾಗಿ ಈ ಮಾನಗಳಲ್ಲೇ ಲೆಕ್ಕ ಮಾಡುವುದು ಸುರಕ್ಷಿತ. 0.15 ನ್ಯಾನೋಆಂಪಿಯರ್ ಹರಿಸಿದರೆ ವಿಭವ 15 ಮಿಲಿವೋಲ್ಟ್ ಏರಿ ನಿಲ್ಲುತ್ತದೆ. ಗೆರೆ 20 ಮಿಲಿವೋಲ್ಟ್ ಮೇಲಿರುವುದರಿಂದ ಎಷ್ಟು ಹೊತ್ತು ಕಾದರೂ ನರಕೋಶ ಸಿಡಿಯುವುದಿಲ್ಲ. 0.25 ಹರಿಸಿದರೆ ವಿಭವ 25 ಮಿಲಿವೋಲ್ಟ್‌ನತ್ತ ಏರುತ್ತ ದಾರಿಯಲ್ಲಿ ಗೆರೆ ದಾಟುತ್ತದೆ. ಅದಕ್ಕೆ ಹಿಡಿಯುವ ಸಮಯ 20ನ್ನು 5ರ ಸ್ವಾಭಾವಿಕ ಲಘುಗಣಕದಿಂದ ಗುಣಿಸಿದಷ್ಟು, ಅಂದರೆ ಸುಮಾರು 32 ಮಿಲಿಸೆಕೆಂಡ್. ಸೆಕೆಂಡಿಗೆ ಹೆಚ್ಚುಕಡಿಮೆ 31 ಸ್ಪೈಕ್. 0.30 ಹರಿಸಿದರೆ 22 ಮಿಲಿಸೆಕೆಂಡಿಗೊಂದು, ಸೆಕೆಂಡಿಗೆ ಸುಮಾರು 45.

ಕಾಗದದ ಮೇಲೆ ಬಂದ ಈ ಅಂಕಿಗಳೇ ನಿಮ್ಮ ಪ್ರೋಗ್ರಾಮಿನ ಪರೀಕ್ಷಕರು. ಆಯ್ಲರ್ ವಿಧಾನದಲ್ಲಿ, ಅಂದರೆ ಸಮಯವನ್ನು ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ ಒಂದೊಂದಾಗಿ ಲೆಕ್ಕ ಹಾಕುತ್ತ, 0.1 ಮಿಲಿಸೆಕೆಂಡಿನ ಹೆಜ್ಜೆ ಇಟ್ಟು ಓಡಿಸಿ, 0.25 ನ್ಯಾನೋಆಂಪಿಯರಿಗೆ 31 ಬರುತ್ತದೆಯೇ ನೋಡಿ. ಬರದಿದ್ದರೆ ನೂರಕ್ಕೆ ತೊಂಬತ್ತು ಸಲ ತಪ್ಪು ಅಳತೆಯ ಮಾನದಲ್ಲಿರುತ್ತದೆ. ಬಳಿಕ ಬೇಕೆಂದೇ ಹೆಜ್ಜೆಯನ್ನು 50 ಮಿಲಿಸೆಕೆಂಡಿಗೆ ಏರಿಸಿ, ಸಿಡಿಯುವ ನಿಯಮವನ್ನು ತೆಗೆದುಹಾಕಿ ಓಡಿಸಿ. ಕಾಲ ಸ್ಥಿರಾಂಕದ ಎರಡು ಪಟ್ಟನ್ನು ಹೆಜ್ಜೆ ಮೀರಿದ್ದರಿಂದ ವಿಭವ ಮೇಲಕ್ಕೂ ಕೆಳಕ್ಕೂ ಹುಚ್ಚೆದ್ದು ಕುಣಿಯುತ್ತದೆ. ಆ ಕುಣಿತ ನರಕೋಶದ್ದಲ್ಲ, ನಿಮ್ಮ ಲೆಕ್ಕದ ವಿಧಾನದ್ದು. ಪ್ರಕಟಿತ ಲೇಖನಗಳಲ್ಲೂ ಇಂಥ ಕುಣಿತವನ್ನು ಮೆದುಳಿನ ಗುಣವೆಂದು ಭ್ರಮಿಸುವ ಅಪಾಯ ಇದ್ದೇ ಇದೆ, ಆದ್ದರಿಂದ ಹೆಜ್ಜೆಯನ್ನು ಅರ್ಧಕ್ಕಿಳಿಸಿ ಮತ್ತೆ ಓಡಿಸುವ ಅಭ್ಯಾಸ ಇಂದೇ ಶುರುವಾಗಲಿ.

ಇದು ಕೈಗೆ ಹತ್ತಿದ ಮೇಲೆ ಪ್ರವಾಹಕ್ಕೆ ಗದ್ದಲ ಬೆರೆಸಿ, ಎರಡು ನರಕೋಶಗಳನ್ನು ನರಸಂಧಿಯಿಂದ (ಸಿನಾಪ್ಸ್) ಜೋಡಿಸಿ, ಅಲ್ಲಿಂದ 800 ಉದ್ದೀಪಕ ಮತ್ತು 200 ನಿರೋಧಕ ಕೋಶಗಳ ಜಾಲಕ್ಕೆ ಹೋಗಿ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸಮೀಕರಣಗಳನ್ನೂ ಒಮ್ಮೆ ನೀವೇ ಬರೆದು ಬಿಡಿಸಿ. ಬ್ರಯಾನ್, ನ್ಯೂರಾನ್, ನೆಸ್ಟ್ ಮುಂತಾದ ಸಿದ್ಧ ತಂತ್ರಾಂಶಗಳನ್ನು ಇದಾದ ಮೇಲೆಯೇ ಬಳಸಲು ಹೊರಡುವುದು ಒಳ್ಳೆಯದು. ಇಂಥದೇ ಮೂಸ್ ಎಂಬ ತಂತ್ರಾಂಶ ಎನ್‌ಸಿಬಿಎಸ್‌ನ ಉಪಿಂದರ್ ಭಲ್ಲಾ ಅವರ ಪ್ರಯೋಗಾಲಯದಲ್ಲೇ ಬೆಳೆದಿದೆ.

ಮೂರನೆಯ ಹಂತ: ಓದು ಮತ್ತು ಕಮ್ಮಟಗಳು

ಪಠ್ಯಪುಸ್ತಕಗಳಲ್ಲಿ ಪೀಟರ್ ದಯಾನ್ ಮತ್ತು ಲ್ಯಾರಿ ಅಬಾಟ್ ಅವರ 2001ರ ‘ಥಿಯರೆಟಿಕಲ್ ನ್ಯೂರೋಸೈನ್ಸ್’ ಇಂದಿಗೂ ಎಲ್ಲರೂ ಬೊಟ್ಟು ಮಾಡಿ ತೋರಿಸುವ ಪುಸ್ತಕ. ವುಲ್ಫ್‌ರಾಮ್ ಗೆರ್ಸ್‌ನರ್ ಮತ್ತು ಸಂಗಡಿಗರ 2014ರ ‘ನ್ಯೂರೋನಲ್ ಡೈನಾಮಿಕ್ಸ್’ ಅಂತರ್ಜಾಲದಲ್ಲಿ ಪೂರ್ತಿ ಉಚಿತವಾಗಿ ಸಿಗುತ್ತದೆ. ಪುಸ್ತಕ ಕೊಳ್ಳಲು ಹಣವಿಲ್ಲದವರು ಅದರಿಂದಲೇ ಆರಂಭಿಸಬಹುದು. 2020ರಲ್ಲಿ ಕೋವಿಡ್ ನಡುವೆ ಹುಟ್ಟಿದ ನ್ಯೂರೋಮ್ಯಾಚ್ ಅಕಾಡೆಮಿಯ ಮೂರು ವಾರದ ಪಾಠಗಳೂ ಪೈಥಾನ್ ಅಭ್ಯಾಸಗಳ ಸಮೇತ ಮುಕ್ತವಾಗಿವೆ.

ಸಂಶೋಧನಾ ಲೇಖನ ಓದುವುದು ಬೇರೆಯೇ ಕಲೆ. ಒಂದು ಉದಾಹರಣೆ ಕೊಡುತ್ತೇನೆ. 1997ರಲ್ಲಿ ವುಲ್ಫ್‌ರಾಮ್ ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟಗ್ ಪ್ರಕಟಿಸಿದ ಲೇಖನವು, ಕೋತಿಯ ಮೆದುಳಿನ ಡೋಪಮೈನ್ ಕೋಶಗಳು ಬಹುಮಾನಕ್ಕೆ ಪ್ರತಿಕ್ರಿಯಿಸುವುದಿಲ್ಲ, ನಿರೀಕ್ಷಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸಕ್ಕೆ ಪ್ರತಿಕ್ರಿಯಿಸುತ್ತವೆ ಎಂದು ವಾದಿಸಿತು. ಈ ವಾದಕ್ಕೆ ಬೇಕಾದ ಗಣಿತ ಯಂತ್ರಗಳಿಗೆ ಕಲಿಸುವ ವಿದ್ಯೆಯಿಂದ ಬಂದದ್ದು. ಸಂಕೇತ ಕಂಡ ಕೋತಿಗೆ ಹಣ್ಣಿನ ರಸ ಸಿಗುತ್ತದೆ ಎಂದು ರೂಢಿಯಾದ ಮೇಲೆ ರಸವನ್ನು ಕೊಡದೇ ಹೋದರೆ, ರಸ ಬರಬೇಕಿದ್ದ ಸರಿಯಾದ ಕ್ಷಣದಲ್ಲಿ ಆ ಕೋಶಗಳ ಸಿಡಿತ ತಗ್ಗಬೇಕು ಎಂದು ಮಾದರಿ ಹೇಳುತ್ತದೆ. ದಾಖಲೆಯಲ್ಲಿ ಹಾಗೆಯೇ ತಗ್ಗಿರುವುದು ಕಾಣುತ್ತದೆ. ಯಾವ ಲೇಖನ ಓದುವಾಗಲೂ, ಮಾದರಿ ತಪ್ಪಾಗಿದ್ದರೆ ಬಯಲಾಗುವ ಇಂಥ ಜಾಗ ಎಲ್ಲಿದೆ ಎಂದು ಪೆನ್ಸಿಲ್ ಹಿಡಿದು ಹುಡುಕಿ. ಇಪ್ಪತ್ತು ಪುಟ ಓದಿಯೂ ಅಂಥ ಜಾಗ ಸಿಗದಿದ್ದರೆ ಆ ಲೇಖನವನ್ನು ಬದಿಗಿಡಲು ಸಂಕೋಚ ಬೇಡ.

ಮುಖತಃ ಕಲಿಯಲು ಎರಡು ಅವಕಾಶಗಳನ್ನು ನೆನಪಿಡಿ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳ ಜೊತೆಗೂಡಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಸಣ್ಣ ಊರಿನ ಕಾಲೇಜಿನವರೂ ಎರಡು ತಿಂಗಳು ದೊಡ್ಡ ಪ್ರಯೋಗಾಲಯವೊಂದರಲ್ಲಿ ಕೂರಲು ಅದು ದಾರಿ, ಮತ್ತು ಅದರ ಅರ್ಜಿಯ ಗಡುವು ಹಿಂದಿನ ವರ್ಷವೇ ಮುಗಿದುಹೋಗುತ್ತದೆ. ಎನ್‌ಸಿಬಿಎಸ್‌ನಲ್ಲಿ ನೆನಪು ಮತ್ತು ನರಸಂಧಿಗಳ ಮಾರ್ಪಾಡಿನ ಕುರಿತು ಕ್ಯಾಂಪ್ ಎಂಬ ಕಮ್ಮಟವೂ ನಡೆಯುತ್ತ ಬಂದಿದೆ.

ನಾಲ್ಕನೆಯ ಹಂತ: ದತ್ತಾಂಶದ ಪಕ್ಕದಲ್ಲಿ ಕೂರುವುದು

ಈ ಹಂತವನ್ನು ಹಾರಿಸಿ ಹೋಗುವವರೇ ಹೆಚ್ಚು. ನಾನೂ ಹಾರಿಸಿದ್ದೆ. ಸಂಶೋಧನೆಯ ಆರಂಭದ ದಿನಗಳಲ್ಲಿ ಹತ್ತಾರು ನಿಯತಾಂಕಗಳಿದ್ದ, ಅಂದರೆ ಬೇಕಾದಂತೆ ತಿರುಗಿಸಬಹುದಾದ ಅಂಕಿಗಳಿದ್ದ, ಮಾದರಿಯೊಂದನ್ನು ತಿಂಗಳುಗಟ್ಟಲೆ ತಿದ್ದಿ, ಪ್ರಕಟಿತ ಚಿತ್ರವೊಂದರ ಮೇಲೆ ನನ್ನ ಗೆರೆ ಕರಾರುವಾಕ್ಕಾಗಿ ಕೂರುವಂತೆ ಮಾಡಿ, ಹೆಮ್ಮೆಯಿಂದ ಪ್ರಯೋಗ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಒಂದೇ ಮಾತು ಕೇಳಿದರು: ‘ಸರಿ ಕಣಪ್ಪಾ, ನೀನು ಹೇಳೋದು ತಪ್ಪಾಗಿದ್ರೆ ನಾಳೆ ನನ್ನ ಮೈಕ್ರೋಸ್ಕೋಪಿನಲ್ಲಿ ನನಗೇನು ಕಾಣಿಸುತ್ತೆ?’ ನನ್ನಲ್ಲಿ ಉತ್ತರವಿರಲಿಲ್ಲ. ಆ ಚಿತ್ರ ಹೇಗಿದ್ದರೂ ನನ್ನ ಮಾದರಿ ಅದಕ್ಕೆ ಹೊಂದಿಕೊಳ್ಳುತ್ತಿತ್ತು ಎಂಬುದು ಮನೆಗೆ ಬರುವ ಬಸ್ಸಿನಲ್ಲಿ ಹೊಳೆಯಿತು. ಆ ಕೆಲಸ ಎಲ್ಲೂ ಪ್ರಕಟವಾಗಲಿಲ್ಲ.

ಆದ್ದರಿಂದ ಕನಿಷ್ಠ ಒಂದು ರಜೆಯನ್ನಾದರೂ ಪ್ರಯೋಗ ನಡೆಯುವ ಕೋಣೆಯಲ್ಲಿ ಕಳೆಯಿರಿ. ವಿದ್ಯುದಗ್ರ ಎಷ್ಟು ಸಲ ಮುರಿಯುತ್ತದೆ, ಬೆಳಿಗ್ಗೆ ಚೆನ್ನಾಗಿ ಕೇಳಿಸುತ್ತಿದ್ದ ಕೋಶ ಮಧ್ಯಾಹ್ನ ಹೇಗೆ ಕೈತಪ್ಪುತ್ತದೆ, ಪ್ರಾಣಿಗೆ ನಿದ್ದೆ ಬಂದರೆ ಅಂಕಿಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಕಣ್ಣಾರೆ ಕಂಡವರು ದತ್ತಾಂಶವನ್ನು ದೇವರ ವಾಕ್ಯವೆಂದು ನಂಬುವುದಿಲ್ಲ. ಅಂಥ ಕೋಣೆಗೆ ಪ್ರವೇಶ ಸಿಗದವರಿಗೆ ಮುಕ್ತ ದತ್ತಾಂಶದ ದೊಡ್ಡ ಉಗ್ರಾಣಗಳಿವೆ. ಸಿಯಾಟಲ್‌ನ ಆಲೆನ್ ಸಂಸ್ಥೆಯು ಇಲಿಯ ದೃಷ್ಟಿ ಕೇಂದ್ರಗಳಿಂದ ದಾಖಲಿಸಿದ ಸಾವಿರಾರು ಕೋಶಗಳ ಚಟುವಟಿಕೆಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 2024ರಲ್ಲಿ ಪ್ರಕಟವಾದ ಹಣ್ಣುನೊಣದ ಇಡೀ ಮೆದುಳಿನ ನಕ್ಷೆಯಲ್ಲಿ 1,39,255 ನರಕೋಶಗಳಿವೆ, ಅದೂ ಮುಕ್ತವಾಗಿದೆ. ಹಾಸನದ ಹಾಸ್ಟೆಲಿನಲ್ಲಿ ಕುಳಿತು ಹಳೆಯ ಲ್ಯಾಪ್‌ಟಾಪಿನಲ್ಲಿ ಇವುಗಳ ಒಂದು ಚೂರನ್ನು ವಿಶ್ಲೇಷಿಸಬಹುದು ಎಂಬುದು ಹಿಂದಿನ ಪೀಳಿಗೆಗೆ ಇಲ್ಲದ ಭಾಗ್ಯ.

ಐದನೆಯ ಹಂತ: ಪಿಎಚ್‌.ಡಿ. ಪ್ರವೇಶ

ಭಾರತದಲ್ಲಿ ಸೇರುವವರು ಪರೀಕ್ಷೆಗಳ ಪಂಚಾಂಗವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಸಿಎಸ್‌ಐಆರ್ ನೆಟ್, ಫೆಬ್ರವರಿಯ ಗೇಟ್, ಎನ್‌ಸಿಬಿಎಸ್ ಮತ್ತು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ (ಟಿಐಎಫ್ಆರ್) ಸಾಮಾನ್ಯವಾಗಿ ಡಿಸೆಂಬರಿನಲ್ಲಿ ನಡೆಯುವ ಪ್ರವೇಶ ಪರೀಕ್ಷೆ, ಭೌತಶಾಸ್ತ್ರದವರಿಗೆ ಜೆಸ್ಟ್, ಇಂಟಿಗ್ರೇಟೆಡ್ ಪಿಎಚ್‌.ಡಿ.ಗೆ ಜ್ಯಾಮ್. ಬಿ.ಇ. ಮುಗಿಸಿದವರು ಗೇಟ್ ಆಧಾರದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಎಂ.ಟೆಕ್. ಮಾಡದೆಯೇ ಪಿಎಚ್‌.ಡಿ. ಅರ್ಜಿ ಹಾಕಬಹುದು ಎಂಬುದು ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ. 2023ರ ಪರಿಷ್ಕರಣೆಯ ನಂತರ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದಾಗ 42,000. ಮನೆ ಬಾಡಿಗೆ ಭತ್ಯೆ ಬೇರೆ. ಮನೆಯವರಿಗೆ ಇದನ್ನು ಮೊದಲೇ ವಿವರಿಸಿ, ಏಕೆಂದರೆ ಅದೇ ವರ್ಷ ಸಾಫ್ಟ್‌ವೇರ್ ಕಂಪನಿ ಸೇರಿದ ದೊಡ್ಡಪ್ಪನ ಮಗನ ಸಂಬಳದ ಪ್ರಸ್ತಾಪ ಪ್ರತಿ ಹಬ್ಬಕ್ಕೂ ಬಂದೇ ಬರುತ್ತದೆ.

ಹೊರದೇಶಕ್ಕೆ ಹೋಗುವವರಿಗೆ ಎರಡು ಬಗೆಯ ದಾರಿಗಳಿವೆ. ಅಮೆರಿಕದಲ್ಲಿ ಪದವಿಯಿಂದ ನೇರವಾಗಿ ಐದಾರು ವರ್ಷಗಳ ಪಿಎಚ್‌.ಡಿ.; ಅರ್ಜಿಗಳು ಡಿಸೆಂಬರಿನ ಆಸುಪಾಸಿನಲ್ಲಿ ಮುಗಿಯುತ್ತವೆ, ಮೊದಲ ವರ್ಷ ಎರಡು ಮೂರು ಪ್ರಯೋಗಾಲಯಗಳಲ್ಲಿ ಸುತ್ತಿ ನೋಡಿ ಗೈಡನ್ನು ಆರಿಸಿಕೊಳ್ಳುವ ಪದ್ಧತಿ ಬಹಳ ಕಡೆ ಇದೆ. ಯೂರೋಪಿನಲ್ಲಿ ಸಾಮಾನ್ಯವಾಗಿ ಮೊದಲು ಸ್ನಾತಕೋತ್ತರ ಪದವಿ ಬೇಕು. ಜರ್ಮನಿಯು 2004ರಿಂದ ಬರ್ನ್‌ಸ್ಟೈನ್ ಜಾಲದ ಮೂಲಕ ಈ ಕ್ಷೇತ್ರಕ್ಕೆಂದೇ ಕೇಂದ್ರಗಳನ್ನು ಕಟ್ಟಿದೆ, ಬರ್ಲಿನ್ನಿನಲ್ಲಿ ಇದೇ ವಿಷಯದ ಸ್ನಾತಕೋತ್ತರ ಪದವಿಯನ್ನು ಇಂಗ್ಲಿಷಿನಲ್ಲಿ ಕಲಿಸುತ್ತಾರೆ. ಲಂಡನ್ನಿನ ಗ್ಯಾಟ್ಸ್‌ಬಿ ಘಟಕವನ್ನು 1998ರಲ್ಲಿ ಆರಂಭಿಸಿದವರು ಕೃತಕ ನರಜಾಲಗಳ ಪ್ರವರ್ತಕ ಜೆಫ್ರಿ ಹಿಂಟನ್. ಗಣಿತದಲ್ಲಿ ಪಳಗಿದವರಿಗೆ ಅದು ಪ್ರಿಯವಾದ ತಾಣ.

ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ. ಒಬ್ಬ ಗೈಡಿನ ಕೊನೆಯ ಐದು ಲೇಖನಗಳನ್ನು ಓದಿ, ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ನೋಡಿ, ಈಗಿನ ವಿದ್ಯಾರ್ಥಿಗಳೊಂದಿಗೆ ಗೈಡ್ ಇಲ್ಲದ ಹೊತ್ತಿನಲ್ಲಿ ಕಾಫಿ ಕುಡಿಯಿರಿ. ಇಮೇಲ್ ಬರೆಯುವಾಗ ‘ತಮ್ಮ ಘನ ಪ್ರಯೋಗಾಲಯದಲ್ಲಿ ಅವಕಾಶ ಕರುಣಿಸಬೇಕು’ ಎಂಬ ಧಾಟಿಯ, ಐವತ್ತು ಜನರಿಗೆ ಒಟ್ಟಿಗೆ ಹೋಗುವ ಪತ್ರ ಬೇಡ. ಮೊದಲ ಸಾಲಿನಲ್ಲೇ ಅದು ಗೊತ್ತಾಗುತ್ತದೆ. ಅದರ ಬದಲು ‘ನಿಮ್ಮ ಇಂಥ ಲೇಖನದ ಮೂರನೆಯ ಚಿತ್ರವನ್ನು ನಾನೇ ಮರುರೂಪಿಸಲು ಯತ್ನಿಸಿದೆ, ನಿರೋಧಕ ಕೋಶಗಳ ಪ್ರಮಾಣ ತಗ್ಗಿಸಿದಾಗ ಫಲಿತಾಂಶ ಉಳಿಯಲಿಲ್ಲ, ನಾನು ಎಲ್ಲಿ ಎಡವಿದ್ದೇನೆ?’ ಎಂದು ಎಂಟು ಸಾಲಿನಲ್ಲಿ ಬರೆದು ಪ್ರೋಗ್ರಾಮಿನ ಕೊಂಡಿ ಕೊಡಿ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಆರನೆಯ ಹಂತ: ಪಿಎಚ್‌.ಡಿ.ಯ ವರ್ಷಗಳು

ಮೊದಲ ವರ್ಷ ಕೋರ್ಸ್‌ವರ್ಕ್, ಬಳಿಕ ಸಮಗ್ರ ಪರೀಕ್ಷೆ, ಇವೆರಡೂ ದಾಟುವಂಥವೇ. ಕಷ್ಟ ಶುರುವಾಗುವುದು ಎರಡನೆಯ ವರ್ಷದ ಕೊನೆಗೆ, ಪ್ರಶ್ನೆ ಇನ್ನೂ ಮಸುಕಾಗಿರುವಾಗ. ನರವಿಜ್ಞಾನಿ ಡೇವಿಡ್ ಮಾರ್ ಹೇಳಿಕೊಟ್ಟ ಮೂರು ಸ್ತರಗಳ ವಿಂಗಡಣೆ ಆಗ ಕೈಹಿಡಿಯುತ್ತದೆ: ಮೆದುಳು ಇಲ್ಲಿ ಯಾವ ಸಮಸ್ಯೆಯನ್ನು ಬಿಡಿಸುತ್ತಿದೆ, ಯಾವ ವಿಧಾನದಿಂದ ಬಿಡಿಸುತ್ತಿದೆ, ಆ ವಿಧಾನ ನರಕೋಶಗಳಲ್ಲಿ ಹೇಗೆ ನಡೆಯುತ್ತಿದೆ. ನಿಮ್ಮ ಪ್ರಶ್ನೆ ಈ ಮೂರರಲ್ಲಿ ಯಾವುದು ಎಂದು ಒಂದು ವಾಕ್ಯದಲ್ಲಿ ಬರೆದು ಮೇಜಿನ ಎದುರು ಅಂಟಿಸಿ. ಆ ವಾಕ್ಯ ಬರೆಯಲು ಆಗದಿದ್ದರೆ ಗೈಡ್ ಬಳಿ ಹೋಗಿ ಅದನ್ನೇ ಹೇಳಿ. ಮುಚ್ಚಿಟ್ಟು ಇನ್ನೊಂದು ಸಿಮ್ಯುಲೇಷನ್ ಓಡಿಸಬೇಡಿ.

ನಿಯತಾಂಕಗಳ ವಿಷಯದಲ್ಲಿ ಜಿಪುಣರಾಗಿ. ಸೇರಿಸುವ ಪ್ರತಿ ನಿಯತಾಂಕಕ್ಕೂ ಅದು ಯಾವ ಅಳತೆಯಿಂದ ಬಂತು ಎಂಬ ಟಿಪ್ಪಣಿ ಇರಲಿ. ಅರ್ಧದಷ್ಟು ದತ್ತಾಂಶವನ್ನು ಮಾದರಿಯ ಕಣ್ಣಿಗೆ ಬೀಳದಂತೆ ಮೊದಲೇ ಎತ್ತಿಟ್ಟು, ಕೊನೆಗೆ ಒಂದೇ ಸಲ ಅದರ ಮೇಲೆ ಪರೀಕ್ಷಿಸಿ. ಪ್ರೋಗ್ರಾಮುಗಳನ್ನು ಮೊದಲ ದಿನದಿಂದಲೇ, ಪ್ರತಿ ಬದಲಾವಣೆಯ ದಾಖಲೆ ಉಳಿಸುವ ಗಿಟ್‌ನಲ್ಲಿ ಇಡಿ. ಮೂರು ವರ್ಷದ ನಂತರ ವಿಮರ್ಶಕರು ಎರಡನೆಯ ಚಿತ್ರವನ್ನು ಬದಲಿಸಿ ಎಂದಾಗ ಅದರ ಬೆಲೆ ತಿಳಿಯುತ್ತದೆ. ಲೇಖನ ಸಿದ್ಧವಾದೊಡನೆ, ವಿಮರ್ಶೆಗೆ ಮುನ್ನವೇ ಲೇಖನಗಳನ್ನು ಮುಕ್ತವಾಗಿಡುವ ಬಯೋಆರ್ಕೈವ್‌ ಜಾಲತಾಣಕ್ಕೆ ಹಾಕಿ, ಆಮೇಲೆ ಪತ್ರಿಕೆಗೆ ಕಳಿಸಿ. ವಸಂತದಲ್ಲಿ ನಡೆಯುವ ಕೊಸೈನ್, ಸೆಪ್ಟೆಂಬರಿನ ಬರ್ನ್‌ಸ್ಟೈನ್ ಸಮ್ಮೇಳನ ಇವುಗಳಲ್ಲಿ ಒಮ್ಮೆಯಾದರೂ ಪೋಸ್ಟರ್ ಇಡಲು ಯತ್ನಿಸಿ. ಪೋಸ್ಟರಿನ ಮುಂದೆ ನಿಂತು ಹತ್ತು ಜನ ಕೇಳಿದ ಒಂದೇ ಪ್ರಶ್ನೆ ಥೀಸಿಸ್ಸಿನ ಮುಂದಿನ ಅಧ್ಯಾಯವಾದದ್ದನ್ನು ನಾನು ಕಂಡಿದ್ದೇನೆ.

ಏಳನೆಯ ಹಂತ: ಪೋಸ್ಟ್‌ಡಾಕ್ ಮತ್ತು ಮರಳಿ ಬರುವುದು

ಪೋಸ್ಟ್‌ಡಾಕ್, ಅಂದರೆ ಪಿಎಚ್‌.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ, ಅದರ ಆಯ್ಕೆಗೆ ಒಂದೇ ಸೂತ್ರ: ಪಿಎಚ್‌.ಡಿ.ಯಲ್ಲಿ ಸಿದ್ಧಾಂತ ಮಾಡಿದ್ದರೆ ಈಗ ಪ್ರಯೋಗದ ಪ್ರಯೋಗಾಲಯಕ್ಕೆ ಅಂಟಿಕೊಳ್ಳಿ, ಪ್ರಯೋಗದಲ್ಲೇ ಇದ್ದವರು ಗಣಿತದ ಕಡೆ ಸರಿಯಿರಿ. ಗೈಡಿನ ಪ್ರಶ್ನೆಯನ್ನೇ ಮುಂದುವರಿಸಿದವರಿಗೆ ಲೇಖನಗಳು ಬೇಗ ಬರುತ್ತವೆ, ಆದರೆ ಕೆಲಸ ಯಾರದು ಎಂಬ ಅನುಮಾನ ಸಂದರ್ಶನದವರೆಗೂ ಹಿಂಬಾಲಿಸುತ್ತದೆ. ಭಾರತಕ್ಕೆ ಮರಳುವ ಯೋಚನೆ ಇದ್ದರೆ ರಾಮಾನುಜನ್ ಮತ್ತು ರಾಮಲಿಂಗಸ್ವಾಮಿ ಫೆಲೋಶಿಪ್‌ಗಳ ನಿಯಮಗಳನ್ನು ಪೋಸ್ಟ್‌ಡಾಕ್ ಮುಗಿಯುವ ಒಂದೂವರೆ ವರ್ಷ ಮೊದಲೇ ಓದಿಕೊಳ್ಳಿ. ವಯಸ್ಸಿನ ಲೆಕ್ಕವೂ ಇದೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಹಲವು ಸಂಸ್ಥೆಗಳು 35ರ ಆಸುಪಾಸಿನವರನ್ನೇ ಬಯಸುತ್ತವೆ. ಮದುವೆ, ಮಕ್ಕಳು, ವಯಸ್ಸಾದ ತಂದೆತಾಯಿ ಎಲ್ಲವೂ ಇದೇ ವರ್ಷಗಳಲ್ಲಿ ಬರುವುದರಿಂದ ಈ ಮಿತಿ ಹೆಣ್ಣುಮಕ್ಕಳಿಗೆ ಹೆಚ್ಚು ಭಾರವಾಗುತ್ತದೆ, ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಈ ಹಂತದಲ್ಲಿ ಕೈಗಾರಿಕೆಯ ಕಡೆ ಹೊರಳುವವರೂ ಬಹಳ. ಅದು ಸೋಲಲ್ಲ, ಹಾಗಾಗಿ ಅದರ ಬಗ್ಗೆ ಇಲ್ಲಿ ಸಮಾಧಾನ ಹೇಳುವ ಅಗತ್ಯವೂ ಇಲ್ಲ.

ಎಂಟನೆಯ ಹಂತ: ಹುದ್ದೆ

ಅರ್ಜಿಯ ಜೀವಾಳ ಸಂಶೋಧನಾ ಯೋಜನೆ. ಮುಂದಿನ ಐದು ವರ್ಷಗಳಲ್ಲಿ ಬಿಡಿಸಲಿರುವ ಎರಡು ಮೂರು ಪ್ರಶ್ನೆಗಳು, ಪ್ರತಿಯೊಂದಕ್ಕೂ ಯಾರ ದತ್ತಾಂಶ, ಯಾವ ವಿದ್ಯಾರ್ಥಿ, ಎಷ್ಟು ಹಣ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಆಯ್ಕೆ ಸಮಿತಿಯಲ್ಲಿ ನಿಮ್ಮ ಕ್ಷೇತ್ರದವರು ಒಬ್ಬರಿದ್ದರೆ ಹೆಚ್ಚು. ಉಳಿದವರು ರಸಾಯನ ವಿಜ್ಞಾನಿಗಳೋ ಪರಿಸರ ವಿಜ್ಞಾನಿಗಳೋ ಆಗಿರುತ್ತಾರೆ. ಉಪನ್ಯಾಸದ ಮೊದಲ ಹತ್ತು ನಿಮಿಷ ಅವರಿಗಾಗಿ ಮೀಸಲಿಡಿ. ಭಾಷಣದ ಹಿಂದಿನ ದಿನ ಅದನ್ನು ಕನ್ನಡದಲ್ಲಿ ಮನೆಯವರಿಗೆ ಹೇಳಿ ನೋಡಿ. ಎಲ್ಲಿ ಪರಿಭಾಷೆಯ ಹಿಂದೆ ಅವಿತುಕೊಂಡಿದ್ದೀರಿ ಎಂಬುದು ಕೂಡಲೇ ಹೊರಬೀಳುತ್ತದೆ. ನನಗೆ ಇದು ಇಂಗ್ಲಿಷಿನ ಹತ್ತು ಅಭ್ಯಾಸಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಸೇರಿದ ಮೇಲೆ ಮೊದಲ ವರ್ಷ ವಿಜ್ಞಾನ ಕಡಿಮೆ, ಕಾಗದಪತ್ರ ಜಾಸ್ತಿ. ಕಂಪ್ಯೂಟರ್ ಸರ್ವರ್ ಕೊಳ್ಳಲು ಸರ್ಕಾರಿ ಖರೀದಿಯ ನಿಯಮಗಳನ್ನು ಹಾದುಹೋಗಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆ ತಿಂಗಳುಗಳಲ್ಲಿ ಹೊಸ ವಿದ್ಯಾರ್ಥಿಯನ್ನು ಖಾಲಿ ಕೂರಿಸಬೇಡಿ. ಅವರಿಗೆ 100 ಮೆಗಾಓಮ್, 200 ಪಿಕೋಫ್ಯಾರಡ್ ಕೊಟ್ಟು, 31 ಬರುತ್ತದೆಯೇ ನೋಡಿ ಬಾ ಎಂದು ಕಳಿಸಿ. ಅದಕ್ಕೆ ಸರ್ವರ್ ಬೇಕಿಲ್ಲ.